ಜರಾ ಜೋರ್ ಹೇಳ್ರಿ

ಕಲಬುರಗಿ ದವಾಖಾನೆಯ ಹಿಂಬದಿ, ಶಹಾಬಾದ್ ಕಲ್ಲಿನ ಬೆಂಚು,
ಮಾರ್ಚಿಗೇ ಕಾದಿದೆ.
ಅವನೂರಿನದೇ ಕಲ್ಲು. ಕೂರುವ ಮೊದಲು ಸೈಬಣ್ಣ
ಅಂಗೈಯಾಡಿಸಿ ಪಾಲಿಶ್ ನೋಡಿದ,
ಅಭ್ಯಾಸಬಲ.

ರಾತ್ರಿಯೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದೆ.
ದೊಡ್ಡ ಡಾಕ್ಟರು ಕೊಟ್ಟ ಮಾತೂ ಕೋಟಿನ ಜೇಬಿನಲ್ಲಿತ್ತು:
'ನಂಜು ಏರಿತ್ತು, ಜೀವ ಉಳೀತು, ಅಷ್ಟೇ ಹೇಳು.
ಕಾಗದದ ಮೇಲೆ ಏನೂ ಬೇಡ.'

ಕಾಗದದ ಮೇಲೆ ಆಗಲೇ ಇತ್ತು.
ನನ್ನದೇ ಅಕ್ಷರ, ನಸುಕಿನ ಮೂರೂವರೆ,
ಎರಡು ಅಂಕಿಗಳ ನಡುವೆ ಇಡದೆ ಹೋದ ಒಂದು ಚುಕ್ಕಿ.
ಹತ್ತು ಪಟ್ಟು ಔಷಧಿ, ಎರಡು ದಿನ,
ಎರಡು ಕಿಲೋ ತೂಗದ ಕೂಸಿನ ನರಕ್ಕೆ.
ಮೂರನೆಯ ದಿನ ಸಿಸ್ಟರ್ ರೆಬೆಕ್ಕಾ ಶೀಟು ಹಿಡಿದು ಬಂದು
ನನ್ನ ಮುಖವನ್ನೇ ನೋಡುತ್ತ ನಿಂತಳು.
ಅಂದಿನಿಂದ ಐವತ್ತು ದಿನ ಸುಮ್ಮನಿದ್ದೆ.
ನಿನ್ನೆ ಕಿವಿಯ ಪರೀಕ್ಷೆ ಬಂತು: ಗೆರೆ ಎದ್ದೇ ಇಲ್ಲ.

'ಈ ಔಷಧಿಯಿಂದ ಕೆಲವೊಮ್ಮೆ ಶ್ರವಣಶಕ್ತಿಗೆ...'
'ಏನ್ರಿ?'
ಕೈಯನ್ನು ದೊನ್ನೆ ಮಾಡಿ ಕಿವಿಗಿಟ್ಟ.
'ಕಲ್ಲು ಕೊಯ್ಯೋ ಮಷಿನ್ ಮುಂದ ಹದಿನಾರ್ ವರ್ಷ ಆತ್ರಿ.
ಜರಾ ಜೋರ್ ಹೇಳ್ರಿ.'

'ಪ್ರಮಾಣದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಿ...'
ಇನ್ನಷ್ಟು ಸರಿದ.
ಅವನ ತೋಳಿನ ಕಲ್ಲುಹುಡಿ ನನ್ನ ಬಿಳಿಗೆ ಹತ್ತಿತು.

ಕೂಗುವವರಿಗೆ ಉದ್ದ ಮಾತು ಒದಗುವುದಿಲ್ಲ.
'ಶ್ರವಣ' ಕೂಗಲು ಬರುವ ಪದವಲ್ಲ,
'ಹೆಚ್ಚುಕಡಿಮೆ' ಅರ್ಧಕ್ಕೇ ಒಡೆಯುತ್ತದೆ.
ಎದ್ದು ನಿಂತೆ.
'ಔಷಧಿ ಹತ್ತು ಪಟ್ಟು ಕೊಟ್ವಿ. ಬರ್ದಾಕಿ ನಾನು.
ಕೂಸಿಗೆ ಕಿವಿ ಕೇಳ್ಸಲ್ಲ. ತಪ್ಪು ನಂದು.'

ನಳದ ಹತ್ತಿರ ಡಬ್ಬಿ ತೊಳೆಯುತ್ತಿದ್ದವರು ತಿರುಗಿದರು.
ಆಟೋದವ ಬೀಡಿ ಕೆಳಗಿಳಿಸಿದ.
ಮೇಲಿನ ಕಿಟಕಿಯೊಂದು ತೆರೆಯಿತು, ಮುಚ್ಚಿತು.
ಅಷ್ಟು ಕೂಗಿದರೂ
ತಾಯ ಮಡಿಲಲ್ಲಿ ಕೂಸು ನಿದ್ದೆಯಲ್ಲೇ ಇತ್ತು.

ಬೈಗುಳಕ್ಕೆ ಕಾದೆ. ಬರಲಿಲ್ಲ.
ಸೋದರತ್ತೆ ಜಗದೇವಿ ಕೇಳಿದಳು,
ಜಗಳಕ್ಕಲ್ಲ, ತಿಳಿಯದೆಯೇ:
'ಐತ್ವಾರ ತೊಟ್ಟಿಲದಾಗ ಹಾಕವ್ರಿದ್ವಿ.
ಹೆಸರ ಕಿವ್ಯಾಗ ಹೇಳಾಕಿ ನಾನು.
ಈಗ ಎಲ್ಲಿ ಹೇಳ್ಲಿ?'

ಇದಕ್ಕೆ ಮಾತು ಜೋಡಿಸಿಕೊಂಡಿರಲಿಲ್ಲ ನಾನು.

ಸೈಬಣ್ಣ ಎದ್ದ. ಕೈ ಎತ್ತಲಿಲ್ಲ, ಕೈ ಮುಗಿಯಲೂ ಇಲ್ಲ.
'ನೀವು ಬರ್ದ ಆ ಚೀಟಿದು ನನಗೊಂದು ಝೆರಾಕ್ಸ್ ಬೇಕು.
ಸೋಮಾರ ಮತ್ತ ಬರ್ತೀವಿ.
ಬ್ಯಾರೆಯವರ್ನ ಕಳಸ್ಬ್ಯಾಡ್ರಿ. ನೀವೇ ಇರ್ರಿ.'

ಇರ್ತೀನಿ ಅಂದೆ.
ಗಂಟಲು ಒಡೆದಿತ್ತು, ಅವನಿಗೆ ಕೇಳಿಸಿತೋ ಇಲ್ಲವೋ.
ಮತ್ತೊಮ್ಮೆ ಕೂಗಿದೆ.