ಬಿಳಿ ಅಲ್ಲ, ಲಾಲಸಾಬ

ಗಂಜಿಹಾಳ ಮೇಡಂ ವಾಪಸ್ ಬಂದಾರ ಅಂತ ಗೊತ್ತಾಗಿದ್ದು
ನವನಗರದ ಹಿಟ್ಟಿನ ಗಿರಣ್ಯಾಗ.
ಪಿಂಚಣಿ ರೊಕ್ಕ ಸುರುವಿ ಐಸ್ ನೋಡಾಕ ಹೋಗಿದ್ರಂತ,
ಐಸ್ ಫ್ಯಾಕ್ಟರಿ ಇಲ್ಲೇ ಇರಲಿಲ್ಲೇನು?
ಗಿರಣಿ ತುಂಬ ನಗಿ.
ನಾ ನಗಲಿಲ್ಲ.
ಇಪ್ಪತ್ತಾರು ವರ್ಷ ಅವರ ಲ್ಯಾಬಿನ್ಯಾಗ
ಫಾರ್ಮಲಿನ್ ಬಾಟಲಿ ಒರೆಸಿದಾವ ನಾ.
ಕಪ್ಪಿ, ಹಾವು, ಎರಡು ತಲಿ ಕುರಿಮರಿ
ಗಾಜಿನೊಳಗ ಬಿಳಿಚಿಕೊಂಡು ನಿಂತಿದ್ವು.
ಉಸಿರಾಡೂದು ಒಂದಾದ್ರೂ ಬೇಕಾಗಿತ್ತು ಮೇಡಮ್ಮಗ.

ಸಂಜಿಕ ಹೋದೆ. ಚಾ ಆತು.
ಫೋನ್ ತೆಗೀಲಿಲ್ಲ, ಫೋಟೋ ತೋರಸಲಿಲ್ಲ,
ಕೈಯಿಂದ ಹೇಳಿದ್ರು.

ವಾಲ್ರಸ್ ಅಂದ್ರ ಅಡತಿ ಅಂಗಡಿ ಮುಂದ
ಒಂದರ ಮ್ಯಾಲ ಒಂದು ಒಗದ ಶೇಂಗಾ ಚೀಲ,
ನಡುವ ಒಂದು ಚೀಲ ತೇಗತೈತಿ.
ಬಾದಾಮಿ ಬಂಡಿಯಂಥ ಕಡಿದಾದ ಕಲ್ಲು,
ಕಲ್ಲಿನ ತುಂಬ ಹಕ್ಕಿ, ಗೂಡಿಲ್ಲ ಏನಿಲ್ಲ, ಬರೇ ಅಂಚು.
ತತ್ತಿ ಮಾತ್ರ ಬುಗುರಿ ಆಕಾರ,
ಉರುಳಾಕ ಹೋದ್ರ ಅಲ್ಲೇ ಗಿರಕಿ ಹೊಡದು ನಿಂದರತೈತಿ.
ಐಸಿನ ತುಂಡು ನೀರಾಗ ಕರಗುವಾಗ ಚಟ್ ಚಟ್,
ಪಂಚಮಿಗೆ ಅಳ್ಳು ಹುರದಂಗ.
ಯಾವ ಕಾಲದ ಗಾಳಿಯೋ ಒಳಗ ಸಿಕ್ಕೊಂಡಿದ್ದು
ಈಗ ಹೊರಗ ಬರತಿತ್ತಂತ.

ಅಲ್ಲೆ ರಾತ್ರಿ ಹನ್ನೆರಡಕ್ಕೂ ಹೊತ್ತು ಮುಳುಗೂದಿಲ್ಲ ಅಂದ್ರು.
"ಹಂಗಾರ ಮಗ್ರಿಬ್ ನಮಾಜು ಯಾವಾಗ್ರಿ?"
ಕಪ್ಪು ಕೆಳಗಿಟ್ಟರು.
"ಅದು ನನಗ ಹೊಳೀಲೇ ಇಲ್ಲ, ಲಾಲಸಾಬ."

ದ್ವೀಪಕ್ಕ ಇಳಿಯೂಕಿಂತ ಮೊದಲ ಬೂಟಿನ ತಳ ತಿಕ್ಕಬೇಕು,
ಒಂದು ಬೀಜ ಸೈತ ಹೋಗಬಾರದು.
ತಿರುಗಿ ಹಡಗು ಹತ್ತೂಕಿಂತ ಮೊದಲ ಜೇಬು ಝಾಡಿಸಬೇಕು,
ಒಂದು ಹರಳು ಸೈತ ಬರಬಾರದು.
ನನಗ ಹಳೇ ಬಾಗಲಕೋಟಿ ಓಣಿ ಕಣ್ಣಾಗ ಬಂತು.
ಹಿನ್ನೀರು ಏರಿದ ವರ್ಷ ನಾವು
ಚೌಕಟ್ಟು ಕಿತ್ತಿವಿ, ತೊಲಿ ಕಿತ್ತಿವಿ,
ಒಲಿಗುಂಡು ಸೈತ ಹೊತ್ತಿವಿ.
ಬಿಟ್ಟದ್ದು ಬರೇ ಗ್ವಾಡಿ,
ಗ್ವಾಡಿಗೆ ಬಡದ ಮೊಳಿ.
ಇದನ್ನ ಅವರಿಗೆ ಹೇಳಲಿಲ್ಲ.

"ಕರಡಿ?" ಅಂದೆ.

ಏಳನೇ ದಿನ ಇಂಜಿನ್ ಬಂದ್ ಮಾಡಿದರಂತ.
ತೊಂಬತ್ತು ಮಂದಿ ಉಸಿರು ಹಿಡದು ಕಟಾಂಜನಕ್ಕ ಹತ್ತಿ ನಿಂತರು.
ದೂರದಾಗ ಒಂದು ಚುಕ್ಕಿ,
ಬರಬರತ ಅದಕ್ಕ ಹೆಗಲು ಬಂತು, ನಡಿಗಿ ಬಂತು.
"ಬಿಳಿ ಅಲ್ಲ, ಲಾಲಸಾಬ.
ಮೂವತ್ತೊಂದು ಬ್ಯಾಚಿಗೆ ಬಿಳಿ ಅಂತ ಬರಸೀನಿ.
ಹಳೇ ಗಾದಿ ಬಿಚ್ಚಿದರ ಹತ್ತಿ ಇರತೈತಲ್ಲ,
ಆ ಬಣ್ಣ."

ನಾ ನದಾಫ.
ನಮ್ಮಪ್ಪ ಹಿಂಜಿದ ಅರಳಿ ಮೂಗಿನ್ಯಾಗ ಹೊತ್ತು ಬೆಳದಾವ.
ತಲಿ ಎಣ್ಣಿ, ಬಾಣಂತಿ ಬೆವರು, ಹುಡುಗರ ಉಚ್ಚಿ,
ಹನ್ನೆರಡು ವರ್ಷದ ನಿದ್ದಿ ಕುಡದ ಹತ್ತಿ ಅದು.
ನನಗ ಗೊತ್ತು.
ಚಾದ ಕಪ್ಪಿನ ಆ ಕಡೆ ಕರಡಿ ಬಂದು ಕುಂತಂಗಾತು.

ಅದು ಮೂಗು ಎತ್ತಿತಂತ.
ಗಾಳಿ ಹಡಗಿನ ಕಡಿಂದ ಅದರ ಕಡೆ ಹೊಂಟಿತ್ತು.
ಮೇಡಮ್ಮನ ಸ್ವೆಟರ್ ಜೇಬಿನ್ಯಾಗ ಶೇಂಗಾ ಹಿಂಡಿ ಪುಡಿಕಿ,
ಹಡಗಿನ ಸಪ್ಪನ ಊಟಕ್ಕಂತ ಒಯ್ದದ್ದು.
"ನನ್ನ ಕಡೆನ ಮೂಗು ಮಾಡಿತ್ತು ಅಂತ
ಆಣಿ ಮಾಡಲಾರೆ.
ಮಾಡಬೇಕು ಅನಸತೈತಿ."
ಆಮ್ಯಾಲ ಬ್ಯಾಸರಾಗಿ, ನಮಗ ಬೆನ್ನು ಕೊಟ್ಟು,
ಮಕ್ಕೊಂತಂತ.

ಬರುವಾಗ ಕತ್ತಲಾಗಿತ್ತು. ಇಲ್ಲಿ ಆಗತೈತಿ.
ಮನಿಗೆ ಬಂದು ಗಾದಿ ಮೂಲಿ ಹೊಲಿಗಿ ಎರಡು ಬಿಚ್ಚಿದೆ.
"ಏನು ಹುಡುಕಾಕತ್ತೀರಿ?" ಅಂದಳು ಬೀಬಿಜಾನ.
ಅರಳಿ ಹಾರೀತು, ಫ್ಯಾನ್ ಬಂದ್ ಮಾಡು
ಅಂದೆ,
ಮೆಲ್ಲಕ.