ಹಗೇವಿನ ಬಾಯಿ

ಗುಳೇದಗುಡ್ಡದ ನಮ್ಮ ವಾಡೇದಾಗ
ಪಡಸಾಲಿಯ ಒಂದು ಕಲ್ಲಿನ ಮ್ಯಾಲೆ ಯಾರೂ ಕೂಡೂದಿಲ್ಲ.
ಕಸ ಹೊಡೆಯಾಕಿ ಬಾರಿಗಿ ಎತ್ತಿಕೊಂಡು ದಾಟತಾಳ,
ಬೆಕ್ಕು ಸುತ್ತು ಹಾಕಿ ಹೋಗತೈತಿ.
ಆಯಿ ಮಾತ್ರ ಅಮಾಸಿಗೊಮ್ಮೆ
ಒಂದು ರೊಟ್ಟಿ, ಚಿಟಿಕಿ ಗುರೆಳ್ಳ ಹಿಂಡಿ
ಅದರ ಅಂಚಿಗಿಟ್ಟು
ಹೊಳ್ಳಿ ನೋಡದ ಒಳಗ ನಡೀತಾಳ.

"ಇಲಿಗೆ" ಅಂತಾಳ.
ಹದಿನೇಳು ವರ್ಷ ನಂಬೀನಿ,
ನಮ್ಮನಿ ಇಲಿಗೆ ಅಮಾಸಿ ತಿಳೀತೈತಿ ಅಂತ.

ಬನವ್ವತ್ತಿ ಸೋಲಾಪುರಕ್ಕ ಹೋದಳು.
ನಮ್ಮನ್ಯಾಗ ಇದು ಮಗ್ಗಿ ಇದ್ದಂಗ, ಎಲ್ಲಾರಿಗೂ ಬಾಯಿಪಾಠ:
ಎರಡೊಂದ್ಲೆ ಎರಡು, ಬನವ್ವ ಸೋಲಾಪುರಕ್ಕ ಹೋದಳು.
ಯಾಕ? ಯಾರ ಜೋಡಿ? ಕಾಗದ ಬಂತೇನು?
ಕಾಕಾ ಎಲಿಅಡಿಕಿ ಉಗುಳಿ ಬರತೀನಂತ ಏಳತಾನ,
ಬರೂದಿಲ್ಲ.

ಆಕಿ ಕುಣಿಮಗ್ಗ ಹಿತ್ತಲಖೋಲ್ಯಾಗ ಹಂಗ ಐತಿ.
ಅರ್ಧ ನೇಯ್ದ ಖಣ, ಸೂಜಿಮಲ್ಲಿಗಿ ಹೂವು,
ನಾಲ್ಕನೇ ಸಾಲಿನ ಕಡೀ ಹೂವಿಗೆ ಮೂರೇ ಎಸಳು.
ಲಾಳಿ ಇನ್ನೂ ಹಾಸಿನ ನಡುವ ಸಿಕ್ಕೊಂಡೈತಿ.
ಊರಿಗೆ ಹೊಂಟ ಹೆಣ್ಣುಮಗಳು
ಒಂದು ಎಸಳು ಮುಗಸದ ಎದ್ದಾಳೇನು?

ಮುತ್ಯಾ ಮಾಗುಂಡಪ್ಪ
ಕಡ್ಡಿಪೆಟ್ಟಿಗಿ ತಂದರೂ ಬರೆದಿಡೂ ಮನಶ್ಯಾ.
ಅಭ್ಯಾಸದ ನೆವ ಹೇಳಿ ಅಟ್ಟ ಹತ್ತಿ ಇಳಿಸಿದೆ,
ಕೆಂಪು ಅರಿವಿ ಸುತ್ತಿದ ಕಿರ್ದಿ, ಎಪ್ಪತ್ತೊಂಬತ್ತನೇ ಇಸವಿ.
ಎಳ್ಳಮಾಸಿ. ಊರಿಗೂರು ಹೊಲಕ್ಕ ಚರಗ ಚೆಲ್ಲಾಕ ಹೋದ ದಿನ.
*ಸಜ್ಜಿಹಿಟ್ಟು. ಬೆಲ್ಲ. ಬಾಳಿಹಣ್ಣು ಡಜನ್ ಒಂದು.
ಸುಣ್ಣ, ಉಸುಕು. ಗೌಂಡಿ ಒಬ್ಬ, ರಾತ್ರಿ ಕೂಲಿ, ದುಪ್ಪಟ್ಟು.
ಬಣ್ಣದಮನಿಯವರ ಬಾಕಿ ಪೂರಾ ಚುಕ್ತಾ.
ಇನ್ನ ಅವರ ಜೋಡಿ ಲೇವಾದೇವಿ ಇಲ್ಲ.*

ಸೋಲಾಪುರದ ಬಸ್ ಚಾರ್ಜು ಹುಡುಕಿದೆ.
ಹಿಂದಿನ ಹಾಳಿ, ಮುಂದಿನ ಹಾಳಿ,
ಯುಗಾದಿ ತನಕ ಹುಡುಕಿದೆ.
ಎರಡು ಪೈಸೆ ಬಿಡದ ಮನಶ್ಯಾ
ಮಗಳ್ನ ಫುಕಟ ಕಳಿಸಿದನೇನು?

ಆಯಿ ಕಣ್ಣಿಗೆ ಪೊರಿ ಬಂದಾವ.
ದೇವರ ಮುಂದ ಕೂತು ಬತ್ತಿ ಹೊಸ್ಯಾಕತ್ತಿದ್ದಳು.
ಕಿರ್ದಿ ಓದಿ ಹೇಳಿದೆ, ಆಕಿ ಕೈ ನಿಲ್ಲಲಿಲ್ಲ.

"ಹಗೇವು ತೆಗೆದ ಕೂಡಲೆ ಇಳೀಬಾರದು, ಗೊತ್ತೇನು?
ಒಳಗಿನ ಗಾಳಿ ಕೆಟ್ಟಿರತೈತಿ.
ಮೊದಲ ಕಂದೀಲು ಬಿಡಬೇಕು.
ದೀಪ ಉರದ್ರ ಮನಶ್ಯಾ ಇಳೀಬಹುದು.
ಆರಿದ್ರ..."
ಇನ್ನೊಂದು ಬತ್ತಿ. ಮತ್ತೊಂದು.
"ಜ್ವಾಳ ಬೇಕು, ಆಳು ಹೊಲಕ್ಕ ಹೋಗ್ಯಾರ, ನೀನ ಇಳಿ
ಅಂದ ನಿಮ್ಮ ಮುತ್ಯಾ.
ಆಕಿಗೆ ಬಗ್ಗಿ ನೋಡಾಕ ಬಿಡಲಿಲ್ಲ.
ಕಂದೀಲ ಹಗ್ಗ ನನ್ನ ಕೈಯಾಗಿತ್ತು.
ನನ್ನ ಮಾರಿ ನೋಡಿ ಕೇಳಿದಳು,
ಉರೀತೈತೇನ ಯವ್ವಾ?"

ಓಣ್ಯಾಗ ಯಾರದೋ ಮಗ್ಗ ಖಟಕ್ ಖಟಕ್ ಅಂತಿತ್ತು.
ನಿಂತಿತು.

"ಉರೀತೈತಿ ಅಂದೆ."

ಇವತ್ತ ಎಳ್ಳಮಾಸಿ. ಮನಿಮಂದಿ ಹೊಲದಾಗ.
ತಲಿನೋವು ಅಂತ ಉಳಿದೀನಿ ನಾ,
ಕಣ್ಣು ಕಾಣೂದಿಲ್ಲಂತ ಆಯಿ.
ಗೌಂಡಿ ದುಪ್ಪಟ್ಟು ಕೂಲಿಗೆ ಹಾಕಿದ ಗಾರಿ
ಹಾರಿಯ ನಾಕು ಏಟಿಗೆ ಬಿಟ್ಟಿತು.
ಕಲ್ಲು ಸರಿದಾಗ ಬಂದದ್ದು ಹೆಣದ ನಾತಲ್ಲ,
ಹಳೇ ಜ್ವಾಳದ ಹುಳಿ, ಮುಗ್ಗಿದ ಹುಲ್ಲು,
ಮತ್ತ ಇಷ್ಟು ವರ್ಷ ಯಾರೂ ಉಸಿರಾಡದ ಥಂಡಿ.

ಕಂದೀಲು ಇಳಿಸಿದೆ.
ಒಂದು ಮೊಳ. ಎರಡು. ಗೋಡಿಯ ಹುಲ್ಲು ಕಂಡಿತು.
ನಾಕನೇ ಮೊಳಕ್ಕ, ಕೆಳಗ,
ಅರಿವಿಯ ಚೂರು, ಬಿಳೀ ಹೂವು.
ಎಸಳು ಎಣಿಸಬೇಕನ್ನೂದರಾಗ
ದೀಪ ನೀಲಿಯಾತು, ಗೇಣು ಇದ್ದದ್ದು ಉಗುರಾತು,
ಆಮ್ಯಾಲೆ ಬರೇ ಹಗ್ಗದ ಭಾರ.

ಆಯಿ ಸೀರಿ ಕಚ್ಚಿ ಬಿಗಿದಾಳ.
ರೊಟ್ಟಿ ಉಡ್ಯಾಗ ಕಟ್ಟಿಕೊಂಡಾಳ.
ಹಗೇವಿನ ಬಾಯಾಗ ಎರಡೂ ಕಾಲು ಇಳಿಬಿಟ್ಟು ಕೂತು
ನಾ ಇದ್ದ ಕಡೆ ಮಾರಿ ತಿರುಗಿಸಿ ಕೇಳತಾಳ:

"ಉರೀತೈತೇನ ಯವ್ವಾ?"