ಗಂಟು

ಪರೇಲಿನ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ
ಒಂದು ಮಳೆಮರ.
ಅದರ ಸೊಂಟಕ್ಕೆ ಕೊಡದಷ್ಟು ದೊಡ್ಡ ಗಂಟು.
ಮುನಿಸಿಪಾಲಿಟಿಯವರು ಗಂಟಿನ ಮೇಲೇ
ಸುಣ್ಣದಲ್ಲಿ ನಂಬರು ಬರೆದು ಹೋಗಿದ್ದಾರೆ.

ನನ್ನ ಕೆಲಸವೂ ನಂಬರಿನದೇ.
ಮೇಣದಲ್ಲಿ ಹೂತ ಮಾಂಸದ ಚೂರನ್ನು
ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು
ಗಾಜಿನ ಮೇಲೆ ಹರಡಿ ಬಣ್ಣ ಕುಡಿಸುತ್ತೇನೆ:
ನೇರಳೆ, ಆಮೇಲೆ ಗುಲಾಬಿ.
ಓದುವವರು ಬೇರೆ. ನಾನು ಬರೀ ಹಾಳೆ ಮಾಡುವವ.
ಇಪ್ಪತ್ತಾರು ವರ್ಷ ಹಾಳೆ ಮಾಡಿದವನ ಕಣ್ಣಿಗೆ
ಅಕ್ಷರ ಬೀಳದೆ ಇರುತ್ತದೆಯೇ?

ಡಬ್ಬಿ ಬಿಚ್ಚುತ್ತ ಮೆಹೆರ್ ಡಾಕ್ಟರು ಹೇಳಿದರು:
ಆನೆಯ ಒಂದೊಂದು ಜೀವಕೋಶದಲ್ಲೂ
ಕಾವಲು ವಂಶವಾಹಿಯ ಇಪ್ಪತ್ತು ಜೋಡಿ;
ನಮಗೆ ಒಂದೇ ಜೋಡಿ.
ದಾರಿ ತಪ್ಪಿದ ಕೋಶವನ್ನು ಅವು ರಿಪೇರಿಗೆ ಕಳಿಸುವುದು ಕಡಿಮೆ.
ಸಾಯಿ ಅನ್ನುತ್ತವೆ. ಸಾಯುತ್ತದೆ.
ನನಗೆ ನಮ್ಮ ಚಾಳಿನ ಗೂರ್ಖ ನೆನಪಾದ:
ಇಡೀ ರಾತ್ರಿಗೆ ಒಂದು ಸೀಟಿ,
ಮೂರು ಗಂಟೆಯ ಮೇಲೆ ಅದೂ ಇಲ್ಲ.

ಆದರೂ ಬೆಳಗಾಗುತ್ತದಲ್ಲ.
ಈ ಹೊತ್ತೂ ನನ್ನೊಳಗೆ,
ಪಿತ್ತಕೋಶದ ಹತ್ತಿರವೋ, ಕಿವಿಯ ಹಿಂದೆಯೋ,
ನಕಲು ಬರೆಯುವಾಗ ಒಂದಕ್ಷರ ತಪ್ಪಿದ ಯಾರೋ
ತಾವೇ ದೀಪ ಆರಿಸಿ ಮಲಗಿರಬೇಕು.
ಸೂತಕವಿಲ್ಲ, ಹನ್ನೊಂದನೆಯ ದಿನವಿಲ್ಲ.
ನಾನು ಅರ್ಧ ಚಹಾ ತರಿಸಿ ಕುಡಿಯುತ್ತೇನೆ.

ಮರಕ್ಕೆ ಆ ಕಾವಲೂ ಇಲ್ಲವಂತೆ.
ಅದರ ಕೋಶ ಗೋಡೆ ಕಟ್ಟಿಕೊಂಡೇ ಹುಟ್ಟುತ್ತದೆ;
ಕೆಟ್ಟರೂ ಹುಟ್ಟಿದ ಖೋಲಿಯಲ್ಲೇ ಕೆಟ್ಟುಕೊಂಡಿರಬೇಕು,
ಊರು ಸುತ್ತುವಂತಿಲ್ಲ.

ಶಿವಡಿಯಿಂದ ಬರುವ ಹೌಸಾಬಾಯಿ
ಆ ಗಂಟಿಗೇ ಬೆನ್ನು ಆನಿಸಿ ಬೊಂಬಿಲ್ ಮಾರುತ್ತಾಳೆ.
ಅವಳ ರವಿಕೆಯ ಎಡಕ್ಕೆ
ಸೊಸೆ ಹೊಲಿದುಕೊಟ್ಟ ಸಾಸಿವೆಯ ಪುಟ್ಟ ಚೀಲ.
ತೂಕ ಸರಿಯಿದೆ, ನನ್ನ ತಕ್ಕಡಿಯ ಹಾಗೆ, ಎಂದು ನಗುತ್ತಾಳೆ.
ಅವಳ ಹಾಳೆ ಕೊಯ್ದವನು ನಾನೇ.
ಅವಳಿಗೆ ಗೊತ್ತಿಲ್ಲ.
ಒಂಬತ್ತು ವರ್ಷದಲ್ಲಿ ಅದು ಮತ್ತೊಮ್ಮೆ ಬಂದು
ಈಗ ಬೆನ್ನಿನ ಮೂಳೆಯಲ್ಲಿ ಕೂತಿದೆ.
"ಪಗಡಿ ಬಾಡಿಗೆದಾರ, ಭಾವೂ.
ಕೋರ್ಟಿಗೆ ಹೋದರೂ ಎಬ್ಬಿಸೋಕಾಗಲ್ಲ.
ಇರಲಿ. ಇನ್ನೊಂದು ಖೋಲಿ ಮಾತ್ರ
ಕೇಳಿದ್ರೂ ಕೊಡಲ್ಲ."
ಹೇಳುತ್ತ ಒಂದು ಮೀನಿನ ತಲೆ ಹಾರಿಸಿದಳು.

ಮೇಲಿಂದ ಹೂ ಉದುರುತ್ತಿತ್ತು,
ಬುಟ್ಟಿಗೆ, ಬರ್ಫಿಗೆ, ಅವಳ ತುರುಬಿಗೆ.
ಮೀನು ಸುತ್ತಿದ ಕಾಗದಕ್ಕೆ ಅಂಟಿಕೊಂಡು
ಗುಲಾಬಿ ಬಣ್ಣದ ಒಂದೆಳೆ ಮನೆತನಕ ಬಂತು.
ಕಿತ್ತೆಸೆಯಲು ಹೋದವನು,
ಅಭ್ಯಾಸಬಲ,
ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.